ಮೂರು ನಿಮಿಷದ ಕಾಕು

ನಮ್ಮ ಕಟ್ಟಡದಲ್ಲಿ ಪ್ರತಿ ಮನೆಯ ಬಾಗಿಲಿಗೂ ಒಂದು ಬಟ್ಟೆಯ ಚೀಲ ತೂಗುತ್ತಿರುತ್ತದೆ. ಬೆಳಿಗ್ಗೆ ಹಾಲಿನವನು ಅದರಲ್ಲಿ ಪ್ಯಾಕೆಟ್ ಇಳಿಸಿ, ಗಂಟೆ ಒತ್ತದೆ ಹೋಗುತ್ತಾನೆ. ನನ್ನ ಚೀಲದಲ್ಲಿ ಒಂದೂವರೆ ವರ್ಷ ಹಾಲಿನ ಜೊತೆ ಇನ್ನೊಂದು ವಸ್ತುವೂ ಬರುತ್ತಿತ್ತು. ಖಣದ ಬಟ್ಟೆಯ ಪುಟ್ಟ ಗಂಟು. ಬಿಚ್ಚಿದರೆ ಒಳಗೆ ಒಂದೇ ಒಂದು ಇಯರ್‌ಬಡ್, ಬಲಗಿವಿಯದು. ಅದರ ಎಡಗಿವಿಯ ಜೋಡಿಯೂ ಎರಡನ್ನೂ ಚಾರ್ಜ್ ಮಾಡುವ ಡಬ್ಬಿಯೂ ಪಕ್ಕದ ಮನೆಯ ಕಾಕುವಿನ ಹತ್ತಿರ ಇರುತ್ತಿದ್ದವು.

ಕಾಕು ತೀರಿಕೊಂಡು ಎರಡು ತಿಂಗಳಾಯಿತು. ಈಗ ಚೀಲದಲ್ಲಿ ಬರಿಯ ಹಾಲು ಬರುತ್ತದೆ.

ಕಾಕು ಎಂದರೆ ಚಿಕ್ಕಮ್ಮ. ಅವರ ನಿಜವಾದ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಮೂವತ್ತೊಂದು ವರ್ಷ ಟೆಲಿಫೋನಿನ ಟ್ರಂಕ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿದ್ದವರು ಅವರು. ಸಾವಿರಾರು ಜನರ ಮಾತು ಅವರ ಕಿವಿಯ ಮೂಲಕ ಹಾದುಹೋಗಿದೆ. ಒಬ್ಬರ ಹೆಸರೂ ಬಾಯಿಂದ ಹೊರಗೆ ಬಂದಿಲ್ಲ. ಅಂಥವರ ಹೆಸರನ್ನು ನಾನು ಹೊರಗೆ ಬಿಡುವುದು ಸರಿಯಲ್ಲ.

ನಾಲ್ಕು ವರ್ಷದ ಹಿಂದೆ ನಾನು ಪುಣೆಯ ಬಿಬವೇವಾಡಿಯ ಈ ಮನೆಗೆ ಬಾಡಿಗೆಗೆ ಬಂದೆ. ಊರು ಧಾರವಾಡ, ಕೆಲಸ ಖರಾಡಿಯಲ್ಲಿ. ಯಂತ್ರಗಳ ಜೊತೆ ಡಬ್ಬಿಯಲ್ಲಿ ಬರುವ, ಯಾರೂ ಓದದ ಕೈಪಿಡಿಗಳನ್ನು ಬರೆಯುತ್ತೇನೆ. ಬಂದ ಮೂರನೆಯ ದಿನ ಬಾಗಿಲಲ್ಲಿ ನಿಂತು ಅಮ್ಮನ ಜೊತೆ ಫೋನಿನಲ್ಲಿ ಮಾತಾಡುತ್ತಿದ್ದೆ. ಪಕ್ಕದ ಬಾಗಿಲು ಎರಡು ಬೆರಳಷ್ಟು ತೆರೆಯಿತು. ಒಳಗಿನಿಂದ, ಇಪ್ಪತ್ತು ವರ್ಷದ ಹುಡುಗಿಯದೆನ್ನಬಹುದಾದ ನುಣುಪು ಧ್ವನಿಯಲ್ಲಿ, ನಮ್ಮ ಕಡೆಯ ಕನ್ನಡದಲ್ಲಿ ಯಾರೋ ಹೇಳಿದರು:

"ತ್ರೀ ಮಿನಿಟ್ಸ್ ಓವರ್. ಎಕ್ಸ್‌ಟೆಂಡ್ ಮಾಡೂದೇನ್ರಿ?"

ಗಾಬರಿಯಾಗಿ ಫೋನ್ ಇಟ್ಟುಬಿಟ್ಟೆ. ಬಾಗಿಲು ಪೂರ್ತಿ ತೆರೆದಾಗ ಕಂಡವರು ಎಪ್ಪತ್ತು ದಾಟಿದ, ನನ್ನ ಭುಜದಷ್ಟು ಎತ್ತರದ, ಮೂಗಿನ ತುದಿಯಲ್ಲಿ ಕನ್ನಡಕವಿದ್ದ ಹೆಂಗಸು. "ನೋಡು, ಇಟ್ಟಿ," ಎಂದರು, ಒಂದು ಪ್ರಯೋಗ ಫಲಿಸಿದ ಸಮಾಧಾನದಲ್ಲಿ.

ಅದು ಎಲ್ಲರ ಮೇಲೂ ನಡೆಯುತ್ತಿದ್ದ ಪ್ರಯೋಗ. ನಮ್ಮ ಮೇಲಿನ ಮಹಡಿಯ ಗೃಹಸ್ಥರೊಬ್ಬರಿಗೆ ಮೆಟ್ಟಿಲ ಮೇಲೆ ಓಡಾಡುತ್ತ, ಇಡೀ ಕಟ್ಟಡಕ್ಕೆ ಕೇಳುವಂತೆ ಫೋನಿನಲ್ಲಿ ಮಾತಾಡುವ ಅಭ್ಯಾಸವಿತ್ತು. ಕಾಕು ಗೋಡೆಯ ಗಡಿಯಾರ ನೋಡುತ್ತ ಕೂತಿದ್ದು, ಸರಿಯಾದ ಹೊತ್ತಿಗೆ ಬಾಗಿಲ ಸಂದಿಯಿಂದ ಆ ವಾಕ್ಯ ಬಿಡುತ್ತಿದ್ದರು. ಅವರು ಅರವತ್ತರ ಹತ್ತಿರದವರು. ಮೂರು ನಿಮಿಷಕ್ಕೊಮ್ಮೆ ಆಪರೇಟರ್ ನಡುವೆ ಬಂದು ಹೀಗೆ ಕೇಳುತ್ತಿದ್ದ ಟ್ರಂಕ್ ಕಾಲಿನ ಕಾಲ ಅವರ ಮೈಯಲ್ಲಿ ಇನ್ನೂ ಇತ್ತು. ಪ್ರತಿ ಸಲವೂ ಬೆಚ್ಚಿ, "ಸಾಕು, ಸಾಕು, ಇಡ್ತೀನಿ," ಎಂದು ಕಟ್ ಮಾಡುತ್ತಿದ್ದರು. ಆಮೇಲೆ ಬೈಯುತ್ತಿದ್ದರು. ಮರುದಿನ ಮತ್ತೆ ಕಟ್ ಮಾಡುತ್ತಿದ್ದರು. ಹುಡುಗರ ಮೇಲೆ ಇದು ನಡೆಯುತ್ತಿರಲಿಲ್ಲ. ಅವರು ಕಾಕುವಿನ ಕಡೆ ನೋಡಿ ನಕ್ಕು ಮಾತು ಮುಂದುವರಿಸುತ್ತಿದ್ದರು. ಕಾಕುವಿಗೆ ಅದೊಂದು ಬೇಸರ.

ಅವರ ಬಳಿ ಸಿಮ್ ಹಾಕುವ ದೊಡ್ಡ ಟ್ಯಾಬ್ ಇತ್ತು, ಮಿರಜದಲ್ಲಿರುವ ಮಗಳು ಕೊಡಿಸಿದ್ದು. ಅದನ್ನು ಮನೆಯಲ್ಲಿ ಪುರಾಣದ ಪೋಥಿ ಓದಲು ಇಟ್ಟಿದ್ದ ಮಡಚುವ ಮರದ ವ್ಯಾಸಪೀಠದ ಮೇಲೆ ಕೂರಿಸಿದ್ದರು. ಅದಕ್ಕೆ ಕೆಂಪು ಖಣದ ಗವಸು. ಚಾರ್ಜರಿಗೆ ಅದೇ ಖಣದ ಕೊರಳಪಟ್ಟಿ. ಯಾರಾದರೂ ಕರೆ ಮಾಡಿದರೆ ಟ್ಯಾಬನ್ನು ಎರಡೂ ಕೈಯಿಂದ ಎತ್ತಿ ಕಿವಿಗೆ ಒತ್ತಿಕೊಳ್ಳುತ್ತಿದ್ದರು. ದೂರದಿಂದ ನೋಡಿದರೆ ಹೋಳಿಗೆಯ ಮಣೆಗೆ ಗುಟ್ಟು ಹೇಳುತ್ತಿರುವಂತೆ ಕಾಣುತ್ತಿತ್ತು. ಬ್ಯಾಂಕಿನವನೆಂದು ಹೇಳಿಕೊಂಡು ಯಾವನಾದರೂ ನಂಬರು ಕೇಳಿದರೆ, "ಲೈನ್ ಮ್ಯಾಲೆ ಇರ್ರಿ, ಸಾಹೇಬರಿಗೆ ಕೊಡ್ತೀನಿ," ಎಂದು ಟ್ಯಾಬನ್ನು ಮಿಕ್ಸರಿನ ಪಕ್ಕ ಇಟ್ಟು, ಶೇಂಗಾಚಟ್ನಿ ಅರೆಯಲು ಶುರುಮಾಡುತ್ತಿದ್ದರು.

ಎಕ್ಸ್‌ಚೇಂಜಿನ ಇನ್ನೊಂದು ಅಭ್ಯಾಸವೂ ಉಳಿದಿತ್ತು. ಅಲ್ಲಿ ಯಾರಾದರೂ ಕಾಲ್ ಬುಕ್ ಮಾಡಿದ ಕೂಡಲೇ ಆಪರೇಟರ್ ಒಂದು ಚೀಟಿ ಬರೆಯಬೇಕಿತ್ತಂತೆ. ಅವರು ಅದನ್ನು ಟಿಕೆಟ್ ಎನ್ನುತ್ತಿದ್ದರು. ಯಾರಿಂದ, ಯಾರಿಗೆ, ಎಂಥ ಕಾಲ್, ಬುಕ್ ಆದದ್ದು ಯಾವಾಗ, ಮಾತಾಡಿದ್ದು ಎಷ್ಟು ನಿಮಿಷ. ಕಾಕು ಮನೆಯಲ್ಲೂ ಬರೆಯುತ್ತಿದ್ದರು. ಮದುವೆಯ ಆಮಂತ್ರಣ ಪತ್ರಗಳನ್ನು ಕತ್ತರಿಸಿ ಮಾಡಿದ ಚೀಟಿಗಳು, ಹಿಂಭಾಗದಲ್ಲಿ ಪೆನ್ಸಿಲಿನ ಬರಹ, ಮುಂಭಾಗದಲ್ಲಿ ಅರ್ಧ ಗಣಪತಿ. ತಿಂಗಳಿಗೊಂದು ಕಟ್ಟು, ರಬ್ಬರ್ ಬ್ಯಾಂಡ್ ಹಾಕಿ.

"ಎಂಥ ಕಾಲ್" ಎಂಬ ಜಾಗದಲ್ಲಿ ಹೆಚ್ಚಾಗಿ ಇರುತ್ತಿದ್ದದ್ದು 'ಸಾದಾ'. ಅಪರೂಪಕ್ಕೆ 'ಅರ್ಜೆಂಟ್', ಅದು ಮಗಳಿಗೆ ಅಡುಗೆಯ ನಡುವೆ ಏನೋ ಮರೆತಾಗ. ಇನ್ನೊಂದು ಬಗೆಯಿತ್ತು, ಪಿ.ಪಿ., ಅಂದರೆ ಪರ್ಟಿಕ್ಯುಲರ್ ಪರ್ಸನ್. ಅದನ್ನು ಅವರೇ ನನಗೆ ವಿವರಿಸಿದ್ದು. ಆ ಕಾಲದಲ್ಲಿ ಇಂಥವರೇ ಬೇಕು ಎಂದು ಹೆಸರು ಹೇಳಿ ಕಾಲ್ ಬುಕ್ ಮಾಡಬಹುದಿತ್ತು. ಆ ಕಡೆ ಅಣ್ಣ ಬರಲಿ, ಅತ್ತಿಗೆ ಬರಲಿ, ಲೆಕ್ಕಕ್ಕಿಲ್ಲ. ಆ ಹೆಸರಿನವರೇ ಬಂದು ಹಲೋ ಎನ್ನುವವರೆಗೆ ಆಪರೇಟರ್ ಗಡಿಯಾರ ಶುರು ಮಾಡುವಂತಿಲ್ಲ. ಮಿರಜಕ್ಕೆ ಫೋನ್ ಮಾಡಿದಾಗ ಅಳಿಯ ಎತ್ತಿದರೆ ಕಾಕು ಈಗಲೂ ಬಹಳ ಮರ್ಯಾದೆಯಿಂದ, "ಇದು ಪಿ.ಪಿ. ಕಾಲ್ ಅದರಿ, ನಿಮ್ಮ ಮನೆಯವ್ರಿಗೆ ಕೊಡ್ರಿ," ಎನ್ನುತ್ತಿದ್ದರು. ಅಳಿಯನಿಗೆ ಅದು ಅವಮಾನವೋ ಬಿಡುಗಡೆಯೋ ನನಗೆ ಗೊತ್ತಾಗಲಿಲ್ಲ.

ಟ್ಯಾಬಿಗೆ ಅವರು ಲಾಕ್ ಹಾಕಿರಲಿಲ್ಲ. ಯಾಕೆಂದು ಕೇಳಿದ್ದಕ್ಕೆ ತುಟಿಯ ಮೇಲೆ ಬೆರಳಿಟ್ಟು, "ನನ್ನ ಲಾಕ್ ಇಲ್ಲೆ ಅದ," ಎಂದರು. ನನ್ನ ಫೋನಿನ ವಿಷಯ ಬೇರೆ. ಆರು ಅಂಕಿಯ ಲಾಕ್, ಮೇಲೆ ಪಕ್ಕದವರಿಗೆ ಕಪ್ಪಾಗಿ ಕಾಣುವ ಗಾಜು. ಬಸ್ಸಿನಲ್ಲಿ ಓಡಾಡುವವಳಿಗೆ ಅದು ಬೇಕು. ಕಾಕು ಮೊದಲ ಸಲ ನನ್ನ ಪಕ್ಕ ಕೂತು ಫೋನಿನೊಳಗೆ ಇಣುಕಿದಾಗ ಅವರಿಗೆ ತಮ್ಮ ಮುಖವೇ ಕಂಡಿತು. ಕನ್ನಡಕ ಒರೆಸಿಕೊಂಡು ಮತ್ತೆ ನೋಡಿದರು. ಮತ್ತೆ ಅವರ ಮುಖವೇ.

"ಇದೇನು ತಂಗಿ, ಫೋನಿಗೂ ತಲಿಮ್ಯಾಲೆ ಸೆರಗು ಹೊಚ್ಚೀಯಲ್ಲ," ಎಂದರು. ಅಂದಿನಿಂದ ನನ್ನ ಫೋನಿಗೆ ಅವರಿಟ್ಟ ಹೆಸರು 'ಸೊಸಿ'. "ಸೊಸಿ ಎಲ್ಲೆ?" "ಸೊಸಿಗೆ ಚಾರ್ಜ್ ಅದೇನು?"

ಟ್ಯಾಬನ್ನು ಕಿವಿಗೆ ಒತ್ತಿಕೊಳ್ಳುವುದನ್ನು ನೋಡಲಾರದೆ ಮಗಳು ಇಯರ್‌ಬಡ್ ತಂದುಕೊಟ್ಟಳು. ಕಾಕು ಎಡಗಿವಿಯದನ್ನು ಮಾತ್ರ ಹಾಕಿಕೊಂಡರು. ಆಪರೇಟರ್ ಆದವಳು ಎರಡೂ ಕಿವಿ ಮುಚ್ಚಬಾರದಂತೆ. ಒಂದು ಲೈನಿಗೆ, ಇನ್ನೊಂದು ಹಿಂದೆ ನಿಂತ ಸೂಪರ್‌ವೈಜರಿಗೆ. ಎಡಗಿವಿಯೇ ಯಾಕೆಂದರೆ ಬಲಗೈ ಟಿಕೆಟ್ ಬರೆಯಬೇಕು. ಹೀಗಾಗಿ ಬಲಗಿವಿಯದು ಡಬ್ಬಿಯಲ್ಲಿ ಕೆಲಸವಿಲ್ಲದೆ ಕೂತಿತ್ತು. ಒಂದು ಸಂಜೆ ಅದನ್ನು ನನ್ನ ಮುಂದೆ ಹಿಡಿದರು. ಇನ್ನೊಬ್ಬರ ಕಿವಿಯ ವಸ್ತು ನನ್ನ ಕಿವಿಗೆ ಹಾಕಿಕೊಳ್ಳುವವಳಲ್ಲ ನಾನು. ಮುಖದಲ್ಲಿ ಕಂಡಿರಬೇಕು.

"ಸ್ಪಿರಿಟ್ ಹಚ್ಚಿ ಒರಸೀನಿ. ಮಾರಿ ಹಂಗ ಮಾಡಬ್ಯಾಡ, ಹಾಕ್ಕೋ."

ನಮ್ಮ ಎರಡು ಅಡುಗೆಮನೆಗಳ ನಡುವೆ ಒಂದೇ ಗೋಡೆ. ಅದರ ಆ ಕಡೆ ವ್ಯಾಸಪೀಠ, ಈ ಕಡೆ ನನ್ನ ಒಲೆ. ಬ್ಲೂಟೂತ್ ಗೋಡೆ ದಾಟಿ ಬರುತ್ತಿತ್ತು. ಸಂಜೆ ನಾನು ಅಡುಗೆ ಮಾಡುತ್ತ ಕಾಕು ಹಚ್ಚಿದ್ದನ್ನು ಕೇಳುತ್ತಿದ್ದೆ: ಕೀರ್ತನೆ, ಪುಣೆಯಲ್ಲಿ ಗುರುವಾರ ನೀರು ಬರುವುದಿಲ್ಲವೆಂಬ ಮರಾಠಿ ಸುದ್ದಿ, ಯಾರೋ ಹೆಂಗಸು ಕಲಿಸುವ ಬದನೆಕಾಯಿ ಎಣ್ಣೆಗಾಯಿ. ಟೀಕೆ ಗೋಡೆಯ ಮೂಲಕ ಬರುತ್ತಿತ್ತು. ಒಂದು ಸಲ ಬಡಿದರೆ, ಇದನ್ನು ಲಕ್ಷ್ಯ ಕೊಟ್ಟು ಕೇಳು. ಎರಡು ಸಲ ಬಡಿದರೆ, ಈ ಹೆಂಗಸಿಗೆ ಎಣ್ಣೆಗಾಯಿ ಗೊತ್ತಿಲ್ಲ. ನಾನು ಬಾಲ್ಕನಿಗೆ ಹೋದರೆ ನನ್ನ ಬಡ್ಡು ಲೈನಿನಿಂದ ತಪ್ಪಿ, ಅವರ ಕಿವಿಯಲ್ಲಿ ಟುಂಯ್ ಎನ್ನುತ್ತಿತ್ತು. ಹಾಗಾಗಿ ನಾನು ಬಾಲ್ಕನಿಯಲ್ಲಿ ಎಷ್ಟು ಹೊತ್ತು ನಿಂತೆನೆಂಬುದು ಅವರಿಗೆ ನಿಮಿಷದ ಸಮೇತ ತಿಳಿಯುತ್ತಿತ್ತು. ಕಪ್ಪು ಗಾಜಿನಿಂದ ಇಡೀ ಪುಣೆಯನ್ನು ದೂರವಿಟ್ಟ ನಾನು ಪಕ್ಕದ ಮನೆಗೆ ಹೀಗೆ ಸಿಕ್ಕಿಬಿದ್ದಿದ್ದೆ. ಮಲಗುವ ಮೊದಲು ಬಡ್ಡನ್ನು ಅವರ ಹಾಲಿನ ಚೀಲಕ್ಕೆ ಹಾಕುವುದು, ಬೆಳಿಗ್ಗೆ ಅದು ಚಾರ್ಜ್ ಆಗಿ ನನ್ನ ಚೀಲಕ್ಕೆ ಬರುವುದು, ಇದು ನಮ್ಮ ವ್ಯವಸ್ಥೆ.

ಒಂದು ನಿಯಮ ಮಾತ್ರ ಕಟ್ಟುನಿಟ್ಟು. ಕರೆ ಬಂದರೆ ಕಾಕು ಮೊದಲು ಬ್ಲೂಟೂತ್ ಬಂದ್ ಮಾಡಿ, ಆಮೇಲೆ ಹಳೆಯ ರೀತಿಯಲ್ಲಿ ಟ್ಯಾಬನ್ನೇ ಕಿವಿಗೆ ಒತ್ತುತ್ತಿದ್ದರು. ಬೇರೆಯವರ ಮಾತು ನನ್ನ ಕಿವಿಗೆ ಚೆಲ್ಲಬಾರದು. ಮಗಳ ಉದ್ದೇಶ ಹೀಗೆ ಪೂರ್ತಿ ವಿಫಲವಾಯಿತು.

ಕಳೆದ ವರ್ಷ ನನಗೊಂದು ಸಂಬಂಧ ಬಂತು. ಬೆಳಗಾವಿ ಕಡೆಯವರು, ಇಲ್ಲಿ ಅಜ್ಜನ ಕಾಲದಿಂದ ಅರಿಶಿನದ ವ್ಯಾಪಾರ, ದೊಡ್ಡ ಕೂಡುಮನೆ. ಹುಡುಗನನ್ನು ಒಮ್ಮೆ ಹೋಟೆಲಿನಲ್ಲಿ ಭೇಟಿಯಾಗಿದ್ದೆ. ಸಭ್ಯ. ಫೋನನ್ನು ಮೇಜಿನ ಮೇಲೆ ಬೋರಲು ಹಾಕಿದ. ಅರ್ಧ ಗಂಟೆಯಲ್ಲಿ ಅದು ನಾಲ್ಕು ಸಲ ಬಾರಿಸಿತು, ನಾಲ್ಕು ಸಲವೂ ಅವನ ತಾಯಿ. ಅವನ ಬಗ್ಗೆ ನನಗೆ ದೂರಿರಲಿಲ್ಲ. ಅವನ ಜೊತೆ ಮದುವೆಯಾಗಬೇಕೆಂದೂ ಇರಲಿಲ್ಲ. ಅಪ್ಪ ಕೇಳಿದಾಗ "ನೋಡೋಣ" ಎಂದೆ. ನಮ್ಮ ಮನೆಯಲ್ಲಿ ದೊಡ್ಡವರು ನೋಡೋಣ ಎಂದರೆ ಬೇಡ ಎಂದರ್ಥ, ಹುಡುಗಿ ನೋಡೋಣ ಎಂದರೆ ಒಪ್ಪಿಗೆ. ಇದು ಗೊತ್ತಿದ್ದೂ ಅಂದೆ. ಎದುರು ನಿಂತು ಬೇಡ ಎನ್ನುವುದು ನನಗೆ ಬರುತ್ತಿರಲಿಲ್ಲ.

ಉಳಿದದ್ದು ಒಂದೇ. ಹುಡುಗಿಯ ನೆರೆಮನೆಯವರನ್ನು ವಿಚಾರಿಸುವುದು ನಮ್ಮವರಲ್ಲಿ ಇನ್ನೂ ಇದೆ. ಅಪ್ಪ ಕಾಕುವಿನ ನಂಬರು ಕೊಟ್ಟಿದ್ದರು. ಹುಡುಗನ ತಾಯಿ ಶುಕ್ರವಾರ ಸಂಜೆ ಕಾಕುವಿಗೆ ಸಂದೇಶ ಕಳಿಸಿ, ಶನಿವಾರ ಹನ್ನೊಂದಕ್ಕೆ ಫೋನ್ ಮಾಡುವೆನೆಂದರು. ಆ ಮಾತು ಸರಿಯಾಗಿ ಮುಗಿದರೆ ಭಾನುವಾರ ಹಿರಿಯರು ಧಾರವಾಡಕ್ಕೆ ಹೋಗಿ ನಿಶ್ಚಯ ಮಾಡಿಬಿಡುವುದು ಎಂದಾಗಿತ್ತು.

ಆ ಸಂಜೆ ಕಾಕುವಿನ ಮನೆಗೆ ಹೋಗಿ ಕೂತೆ. ಅವರು ಅವರೆಕಾಳು ಸುಲಿಯುತ್ತಿದ್ದರು.

"ಬೇಕೋ, ಬ್ಯಾಡೋ?" ಎಂದು ಕೇಳಿದರು.

ಗೊತ್ತಿಲ್ಲ ಎಂದೆ.

"ಗೊತ್ತಿಲ್ಲ ಅನ್ನೋರಿಗೆ ನಾವು ಲೈನ್ ಕೊಡ್ತಿರಲಿಲ್ಲ."

ಸ್ವಲ್ಪ ಹೊತ್ತು ಕಾಳು ಸುಲಿದು, ಬೇಡ ಎಂದೆ. ನೀವೇ ನನ್ನ ಬಗ್ಗೆ ಏನಾದರೂ ಹೇಳಿ ಇದನ್ನು ತಪ್ಪಿಸಿ, ಸಿಟ್ಟಿನವಳು, ಸೋಮಾರಿ, ಏನು ಬೇಕಾದರೂ, ಎಂದು ಕೇಳಿಕೊಂಡೆ. ಕಾಕು ತಲೆಯಲ್ಲಾಡಿಸಿದರು. ಸುಳ್ಳು ಹೇಳುವುದಿಲ್ಲ, ಮತ್ತು ಇಬ್ಬರ ಮಾತಿನ ನಡುವೆ ತಾನು ಬಾಯಿ ಹಾಕಿದವಳೇ ಅಲ್ಲ ಎಂದರು. ನಾನು ಎದ್ದೆ. ಆಗ ಅವರು, ತೀರ ಸಾಮಾನ್ಯದ ಮಾತೆಂಬಂತೆ, ನಾಳೆ ಬಡ್ಡು ಹಾಕಿಕೊಂಡಿರು ಎಂದರು.

ನನಗೆ ಆಶ್ಚರ್ಯವಾಯಿತು. ಕರೆ ಬಂದಾಗ ಬ್ಲೂಟೂತ್ ಬಂದ್ ಮಾಡುವ ನಿಯಮ ಏನಾಯಿತು ಎಂದೆ.

"ಇದು ನಿನ್ನ ಮಾತು. ನೀ ಕೇಳಬೇಕು. ಖರೆ ಗ್ವಾಡಿ ಹಂಗ ಇರಬೇಕು ನೋಡು, ಕೆಮ್ಮಬಾರದು."

ಪಕ್ಕದಲ್ಲೇ ಕೂತು ಸ್ಪೀಕರಿನಲ್ಲಿ ಕೇಳುತ್ತೇನೆ ಎಂದೆ. ಸ್ಪೀಕರ್ ಹಾಕಿದರೆ ಆ ಕಡೆಯವರಿಗೆ ಧ್ವನಿಯಲ್ಲೇ ಗೊತ್ತಾಗುತ್ತದೆ, ಅಲ್ಲದೆ ನಿನ್ನ ಮುಖ ಎದುರಿಗಿದ್ದರೆ ನನಗೆ ನಗು ಬರುತ್ತದೆ ಎಂದು ಸಾಗಹಾಕಿದರು. ಮೂವತ್ತೊಂದು ವರ್ಷದ ಅನುಭವದ ಮುಂದೆ ನಾನೇನು ಹೇಳುವುದು.

ಶನಿವಾರ ಹನ್ನೊಂದಕ್ಕೆ ನಾನು ಒಲೆಯ ಮುಂದೆ ನಿಂತಿದ್ದೆ, ಬಲಗಿವಿಯಲ್ಲಿ ಬಡ್ಡು. ಕುಕ್ಕರಿನಲ್ಲಿ ಬೇಳೆ ಇಟ್ಟಿದ್ದೆ. ಕೈಗೆ ಏನಾದರೂ ಕೆಲಸ ಬೇಕಿತ್ತು. ರಿಂಗ್ ಕೇಳಿಸಿತು. ಕಾಕು ಎತ್ತಿದರು.

"ನಮಸ್ಕಾರ್ರಿ. ನಿಮ್ಮ ಬಾಜೂ ಮನಿ ಹುಡುಗಿ ಬಗ್ಗೆ ಸ್ವಲ್ಪ ಕೇಳೂದಿತ್ತು," ಎಂದಿತು ನನ್ನ ಕಿವಿಯಲ್ಲಿ ಒಂದು ಗಟ್ಟಿ ಧ್ವನಿ.

ಗೋಡೆಯ ಆ ಕಡೆ ಕಾಕು ಉತ್ಸಾಹದಿಂದ ಮಾತಾಡತೊಡಗಿದರು. ಶಬ್ದಗಳು ನನಗೆ ಗೋಡೆಯ ಮೂಲಕ ಅಸ್ಪಷ್ಟವಾಗಿ ಕೇಳುತ್ತಿದ್ದವು. ನನ್ನ ರೊಟ್ಟಿಯನ್ನು ಹೊಗಳುತ್ತಿದ್ದರು. ನಾನು ರೊಟ್ಟಿ ಮಾಡಿದ್ದನ್ನು ಅವರು ನೋಡಿಯೇ ಇರಲಿಲ್ಲ. ಸುಳ್ಳು ಹೇಳುವುದಿಲ್ಲ ಎಂದವರು ಹೀಗೇಕೆ ಎಂದು ಯೋಚಿಸುತ್ತಿರುವಾಗ ಗಟ್ಟಿ ಧ್ವನಿ ಮತ್ತೆ ಬಂತು.

"ಹಲೋ? ಹಲೋ? ಕೇಳಸ್ತದೇನ್ರಿ?"

ಕಾಕು ಇನ್ನೂ ಜೋರಾಗಿ ಹೊಗಳಿದರು. ಅಷ್ಟರಲ್ಲಿ ಕುಕ್ಕರ್ ಕೂಗಿತು.

"ಕುಕ್ಕರ್ ಛಲೋ ಕೇಳಸ್ತು," ಎಂದರು ಆ ತಾಯಿ. "ನೀವ ಕೇಳಸವಲ್ರಿ."

ಆ ಕುಕ್ಕರ್ ನನ್ನದು. ಕಾಕುವಿನ ಮಾತು ಅವರಿಗೆ ಹೋಗುತ್ತಿಲ್ಲ, ನನ್ನ ಅಡುಗೆಮನೆ ಹೋಗುತ್ತಿದೆ ಎಂದು ಅರ್ಥವಾಗಲು ಮೂರು ಸೆಕೆಂಡು ಬೇಕಾಯಿತು. ಮೈಕು ಇದ್ದದ್ದು ನನ್ನ ಕಿವಿಯಲ್ಲಿ. ದಿನವಿಡೀ ಕೈಪಿಡಿ ಬರೆಯುವ ನಾನು ಇದರ ಕೈಪಿಡಿಯನ್ನು ಓದಿರಲಿಲ್ಲ. ಉಸಿರು ಬಿಡಲೂ ಹೆದರಿ ಗೋಡೆಯನ್ನು ಬಡಿದೆ, ಒಂದು ಸಲ, ಎರಡು ಸಲ. ಕಾಕು ಈಗ ನನ್ನ ರಂಗೋಲಿಯನ್ನು ಹೊಗಳುತ್ತಿದ್ದರು.

"ಲೈನ್ ಸುಮಾರ ಅದ. ಇರ್ಲಿ ಬಿಡ್ರಿ," ಎಂದು ಆ ತಾಯಿ ತಮ್ಮಷ್ಟಕ್ಕೇ ಹೇಳಿಕೊಂಡರು. "ಹುಡುಗಿ ಅಪ್ಪಾರು ಹುಡುಗಿ ಒಪ್ಪ್ಯಾಳ ಅಂದಾರ. ನಾಳೆ ಹೋಗಿ ಮುಗಿಸಿಬಿಡ್ತೀವಿ."

"ಕೇಳಸ್ತದ್ರಿ," ಎಂದೆ. "ಮಾತಾಡ್ರಿ."

ಗೋಡೆಯ ಆ ಕಡೆ ಕಾಕು ತಕ್ಷಣ ಸುಮ್ಮನಾದರು. ಅಷ್ಟು ತಕ್ಷಣ ಸುಮ್ಮನಾಗುವ ಸ್ವಭಾವ ಅವರದಲ್ಲ. ಇದು ನನಗೆ ಹೊಳೆದದ್ದು ಬಹಳ ತಡವಾಗಿ.

"ಅಯ್ಯ, ನಿಮ್ಮ ಧ್ವನಿ ಭಾಳ ಎಳೇದು ಅದಲ್ರಿ. ವಯಸ್ಸಾದವರು ಅಂದಿದ್ರು."

"ಟೆಲಿಫೋನ್‌ದಾಗ ಕೆಲಸ ಮಾಡಿದ್ದಲ್ರಿ. ಧ್ವನಿಗೆ ವಯಸ್ಸಾಗಿಲ್ಲ."

ಒಪ್ಪಿಕೊಂಡರು. ಹುಡುಗಿ ಹೇಗೆ ಎಂದು ಕೇಳಿದರು. ಬೆಳಿಗ್ಗೆ ಏಳೂವರೆಗೆ ಹೋಗುತ್ತಾಳೆ, ಸಂಜೆ ಆರೂವರೆಗೆ ಬರುತ್ತಾಳೆ ಎಂದೆ. ಅಡುಗೆ? ತನಗೆ ಬೇಕಾದಷ್ಟು. ಸಿಟ್ಟು? ಇದೆ, ಒಳಗೊಳಗೇ. ನನ್ನ ಬಗ್ಗೆ ನಾನು ಇಷ್ಟು ಪ್ರಾಮಾಣಿಕವಾಗಿ ಯಾವ ಅರ್ಜಿಯಲ್ಲೂ ಬರೆದಿರಲಿಲ್ಲ.

"ಭಾಳ ಮಾತಾಡ್ತಾಳೇನ್ರಿ?"

"ಇಲ್ರಿ. ಅದಕ್ಕ ಎಲ್ಲಾರೂ ಒಪ್ಪ್ಯಾಳ ಅನ್ಕೋತಾರ."

ಅದು ಅವರಿಗೆ ಮೆಚ್ಚುಗೆಯಾಯಿತು. ಮಾತು ಕಡಿಮೆಯಿದ್ದರೆ ಕೂಡುಮನೆಗೆ ಒಳ್ಳೆಯದು ಎಂದರು. ಆಮೇಲೆ ಸ್ವಲ್ಪ ತಗ್ಗಿದ ಧ್ವನಿಯಲ್ಲಿ, ಮುಖ್ಯವಾದದ್ದನ್ನು ಕೊನೆಗೆ ಕೇಳುವವರ ಹಾಗೆ:

"ಫೋನಿಗೆ ಲಾಕ್ ಹಾಕ್ತಾಳೇನ್ರಿ?"

ಯಾಕೆಂದು ಕೇಳಿದೆ.

"ನಮ್ಮ ಮನ್ಯಾಗ ಹಂಗೇನಿಲ್ಲ ನೋಡ್ರಿ. ಊಟ ಆದ ಮ್ಯಾಲೆ ಸೊಸೆಂದ್ರ ಮೊಬೈಲ್ ಎಲ್ಲಾ ಹಾಲ್‌ದಾಗ ಒಂದ ಬುಟ್ಟ್ಯಾಗ. ಲಾಕಿನ ನಂಬರ್ ನನಗ ಗೊತ್ತಿರ್ತಾವ. ಮುಚ್ಚಿಡೂದು ಅಂತ ಏನೂ ಇರಬಾರದಲ್ರಿ?"

"ಬುಟ್ಟ್ಯಾಗ ನಿಮ್ಮದೂ ಇರ್ತದೇನ್ರಿ?"

"ನನ್ನದ್ಯಾಕ?" ಎಂದರು, ನಿಜವಾಗಿಯೂ ಅರ್ಥವಾಗದೆ.

ಒಲೆ ಆರಿಸಿದೆ. ನನ್ನ ಫೋನು, ಕಾಕುವಿನ ಸೊಸಿ, ಕಟ್ಟೆಯ ಮೇಲೆ ಕಪ್ಪಗೆ ಬಿದ್ದಿತ್ತು. ಅದರೊಳಗೆ ಅಡಗಿಸಿಡುವಂಥದ್ದು ಏನಿದೆ ಎಂದು ಯೋಚಿಸಿದೆ. ಬಸ್ಸಿನ ಪಾಸು, ದಿನಸಿಯ ಪಟ್ಟಿಗಳು, ಕಳಿಸದೆ ಉಳಿದ ಒಂದಿಷ್ಟು ಸಂದೇಶ.

"ಹಾಕ್ತಾಳ್ರಿ," ಎಂದೆ. "ಆರು ಅಂಕಿದು. ಯಾರಿಗೂ ಹೇಳಂಗಿಲ್ಲ. ಒಳಗ ಮುಚ್ಚಿಡೂವಂಥಾದ್ದು ಏನೂ ಇಲ್ಲ, ಆದ್ರೂ ಹೇಳಂಗಿಲ್ಲ. ಮತ್ತ ಇನ್ನೊಂದ್ರಿ. ಈ ಸಂಬಂಧ ಆಕಿಗೆ ಬ್ಯಾಡಾಗೇದ."

"ಯಾರು ಹೇಳಿದ್ರು ನಿಮಗ?"

"ಆಕೀನ ಹೇಳ್ಯಾಳ್ರಿ."

"ಯಾರ ಮುಂದ?"

"ನನ್ನ ಮುಂದ."

  ಆಗ ಗೋಡೆ ಒಂದು ಸಲ ಬಡಿಯಿತು, ಮತ್ತು ಆ ಇಪ್ಪತ್ತು ವರ್ಷದ ಹುಡುಗಿಯ ಧ್ವನಿ ಇಟ್ಟಿಗೆಯ ಮೂಲಕವೂ ಸ್ಪಷ್ಟವಾಗಿ ಕೇಳಿಸಿತು. "ತ್ರೀ ಮಿನಿಟ್ಸ್ ಓವರ್." ಲೈನ್ ಕಟ್ಟಾಯಿತು.

ಓಡಿಹೋದಾಗ ಕಾಕು ವ್ಯಾಸಪೀಠದ ಮುಂದೆ ಕೂತು ಪೆನ್ಸಿಲಿನಿಂದ ಟಿಕೆಟ್ ತುಂಬುತ್ತಿದ್ದರು. ನನ್ನನ್ನು ಕಂಡು ಅದನ್ನು ಟ್ಯಾಬ್ ಕೆಳಗೆ ಸರಿಸಿದರು.

"ಏನಾತೋ ಏನೋ ತಂಗಿ," ಎಂದರು. "ನನ್ನ ಮಾತ ಆ ಕಡೆ ಹೋಗಲೇ ಇಲ್ಲ. ಸುಮ್ಮನ ಬಡಬಡಿಸಿದೆ."

ಮುಖದಲ್ಲಿ ಅಷ್ಟು ಮುಗ್ಧತೆಯನ್ನು ಒಂದೇ ಸಲ ತಂದುಕೊಳ್ಳುವುದಕ್ಕೆ ಬಹಳ ವರ್ಷದ ಸಾಧನೆ ಬೇಕು. ಆದರೆ ಆಗ ನಾನು ನಂಬಿದೆ.

ಅಂದು ಸಂಜೆಯೇ ಅಪ್ಪನ ಫೋನ್ ಬಂತು. ಹುಡುಗನ ಕಡೆಯವರು ಬೇಡವೆಂದಿದ್ದರು. ನೆರೆಮನೆಯ ಮುದುಕಿ ಏನೇನೋ ಹೇಳಿ ಕೆಡಿಸಿದಳು ಎಂದು ಅಪ್ಪ ಕುದಿಯುತ್ತಿದ್ದರು. ನಾನು ಮತ್ತೆ ಸುಮ್ಮನಿದ್ದೆ. ಬೆಳಿಗ್ಗೆಯಷ್ಟೇ ಅಷ್ಟೆಲ್ಲ ಮಾತಾಡಿದವಳು ಸಂಜೆಗೆ ಮತ್ತೆ ನಾನೇ ಆಗಿದ್ದೆ. ದೀಪಾವಳಿಯ ಹೊತ್ತಿಗೆ ಅಪ್ಪ ಪುಣೆಗೆ ಬಂದರು. ಕಾಕು ಅವಲಕ್ಕಿ ಚೂಡಾದ ತಟ್ಟೆ ಹಿಡಿದು ಬಂದರೆ ಅಪ್ಪ ಅದರ ಕಡೆ ನೋಡಲಿಲ್ಲ. ಅಂಥಾ ಮಾತು ಯಾಕೆ ಹೇಳಿದಿರಿ ಎಂದು ನೇರವಾಗಿ ಕೇಳಿಯೇಬಿಟ್ಟರು.

"ದೇವರಾಣಿರಿ," ಎಂದರು ಕಾಕು. "ನನ್ನ ಬಾಯಿಂದ ಒಂದ ಶಬ್ದಾನೂ ಆ ಬಾಯಾರ ಕಿವಿಗೆ ಬಿದ್ದಿಲ್ಲ."

ಅಕ್ಷರಶಃ ನಿಜ. ಅಪ್ಪ ನಂಬಲಿಲ್ಲ. ಕಾಕು ಬೈಸಿಕೊಳ್ಳಲು ಆರಾಮಾಗಿ ಕುರ್ಚಿ ಎಳೆದುಕೊಂಡು ಕೂತರು. ನನ್ನ ಕಡೆ ತಿರುಗಿಯೂ ನೋಡಲಿಲ್ಲ. ಮೂವತ್ತೊಂದು ವರ್ಷ ಯಾರ ಗುಟ್ಟನ್ನೂ ಬಿಡದವರು ನನ್ನದನ್ನೂ ಬಿಡುತ್ತಿರಲಿಲ್ಲ. ಗಡಿಯಾರದ ಟಿಕ್ ಟಿಕ್ ಕೇಳುತ್ತಿತ್ತು.

"ಹೇಳಿದವಳು ನಾನಪ್ಪ," ಎಂದೆ. "ಅವರ ಹೆಸರಿನ್ಯಾಗ ನಾನ ಮಾತಾಡಿದೆ. ನನಗ ಬ್ಯಾಡಾಗಿತ್ತು."

ಅಪ್ಪ ನನ್ನನ್ನು ನೋಡಿದರು, ಕಾಕುವನ್ನು ನೋಡಿದರು, ಮತ್ತೆ ನನ್ನನ್ನು. ಬುಟ್ಟಿಯ ವಿಷಯ ಹೇಳಿದೆ.  ಅಪ್ಪ ತಟ್ಟೆಯನ್ನು ಹತ್ತಿರ ಎಳೆದುಕೊಂಡು, ಚೂಡಾದಲ್ಲಿ ಉಪ್ಪು ಸ್ವಲ್ಪ ಕಡಿಮೆ ಎಂದರು. ಕಾಕುವಿಗೆ ಅದು ಸಹಿಸದೆ, ಇದೇ ಚೂಡಾವನ್ನು ಎಕ್ಸ್‌ಚೇಂಜಿನಲ್ಲಿ ಎಷ್ಟು ಜನ ಕೇಳಿ ಕೇಳಿ ತಿನ್ನುತ್ತಿದ್ದರೆಂಬ ಕಥೆ ಶುರು ಮಾಡಿದರು. ಅದು ಮೂರು ನಿಮಿಷಕ್ಕೆ ಮುಗಿಯಲಿಲ್ಲ.

ಈ ಮಳೆಗಾಲದ ಒಂದು ಬೆಳಿಗ್ಗೆ ಅವರ ಬಾಗಿಲ ಚೀಲದಲ್ಲಿ ಹಾಲು ಹತ್ತು ಗಂಟೆಯಾದರೂ ಹಾಗೇ ಇತ್ತು. ಪಕ್ಕದಲ್ಲಿ ಹಿಂದಿನ ರಾತ್ರಿ ನಾನು ಹಾಕಿದ್ದ ಬಡ್ಡೂ. ನಿದ್ದೆಯಲ್ಲೇ ಹೋಗಿದ್ದರು. ಬೇರೆ ವಿವರ ಬರೆಯುವುದು ಅವರಿಗೆ ಇಷ್ಟವಾಗುತ್ತಿರಲಿಲ್ಲ.

ಕಾರ್ಯಗಳೆಲ್ಲ ಮುಗಿದ ಮೇಲೆ ಮಗಳು ಮನೆ ಖಾಲಿ ಮಾಡಲು ಬಂದಳು. ಹೊರಡುವ ಮುಂಚೆ ನನ್ನ ಬಾಗಿಲಿಗೆ ಬಂದು, ಇದರ ಜೋಡಿ ನಿಮ್ಮ ಬಳಿ ಇದೆಯಂತಲ್ಲ ಎಂದು ಇಯರ್‌ಬಡ್‌ನ ಡಬ್ಬಿ ಕೊಟ್ಟಳು. ಎಡಗಿವಿಯದು ಒಳಗೇ ಇತ್ತು. ನಾನು ತೆಗೆದುಕೊಳ್ಳಲು ಹಿಂಜರಿದಾಗ ನಕ್ಕಳು.

"ಇಟ್ಟುಕೋರಿ. ಹೆಂಗೂ ಕೆಟ್ಟದ್ದ ಅದು. ಎಡಗಡೇದರ ಮೈಕು ತಂದ ದಿನದಿಂದ ಹೋಗೇದ. ಕೇಳಸ್ತದ, ಮಾತ ಹೋಗಂಗಿಲ್ಲ. ಬದಲ್ ಮಾಡಿಸಿಕೊಂಡು ಬರ್ತೀನಿ ಅಂದ್ರ ಅವ್ವ ಬಿಡಲಿಲ್ಲ. ಹಿಂಗ ಇರ್ಲಿ, ಒಂದಿಲ್ಲಾ ಒಂದಿನ ಕೆಲಸಕ್ಕ ಬರ್ತದ ಅಂದ್ಲು. ಕೆಟ್ಟದ್ದು ಎಂಥಾ ಕೆಲಸಕ್ಕ ಬರ್ತದ್ರಿ?"

 ಡಬ್ಬಿ ತೆರೆದು ಬಲಗಿವಿಯದನ್ನು ಅದರ ಜಾಗದಲ್ಲಿ ಇಟ್ಟೆ. ಎರಡಕ್ಕೂ ದೀಪ ಹತ್ತಿತು.

"ಮತ್ತ ಇದೂ ನಿಮ್ಮದ ಇರಬೇಕು," ಎಂದು ಅವಳು ಪರ್ಸಿನಿಂದ ಒಂದು ಚೀಟಿ ತೆಗೆದಳು. "ಟಿಕೆಟಿನ ಕಟ್ಟುಗಳನ್ನ ರದ್ದಿಗೆ ಹಾಕಾಕ ಹತ್ತಿದ್ದೆ. ನಿಮ್ಮ ಹೆಸರು ಕಾಣಿಸ್ತು."

ಮುಂಭಾಗದಲ್ಲಿ ಅರ್ಧ ಗಣಪತಿ. ಹಿಂದೆ ಪೆನ್ಸಿಲಿನಲ್ಲಿ, ಆ ದುಂಡನೆಯ ಅಕ್ಷರಗಳಲ್ಲಿ ಐದು ಸಾಲು. ಯಾರಿಂದ: ಅರಿಶಿನದವರು. ಯಾರಿಗೆ: ಎದುರಿಗೆ ನನ್ನ ಪೂರ್ತಿ ಹೆಸರು, ಅಡ್ಡಹೆಸರಿನ ಸಮೇತ. ಬುಕ್ ಆದದ್ದು: ಶುಕ್ರವಾರ ಸಂಜೆ. ಮಾತು: 3 ನಿಮಿಷ.

ಎಂಥ ಕಾಲ್ ಎಂಬಲ್ಲಿ ಎರಡೇ ಅಕ್ಷರ, ಕೆಳಗೆ ಒಂದು ಗೆರೆ.

"ಪಿ.ಪಿ. ಅಂದ್ರ ಏನ್ರಿ ಅದು?" ಎಂದು ಮಗಳು ಕೇಳಿದಳು. "ಅವ್ವ ನಮ್ಮ ಮನೆಯವ್ರಿಗೂ ಯಾವಾಗ್ಲೂ ಅದನ್ನ ಅಂತಿದ್ಲು."

ಒಳಗೆ ಬರಲು ಹೇಳಿ ಚಹಾಕ್ಕೆ ಇಟ್ಟೆ. ಮೊದಲಿನಿಂದ ಹೇಳಿದೆ. ಎಕ್ಸ್‌ಟೆಂಡ್ ಮಾಡಬೇಕಾಯಿತು.